ಮೂಟೆ ಹೊರುತ್ತಿದ್ದ ಕೈಯಲ್ಲಿ ಕ್ಲಾರಿನೆಟ್: ಜಾರ್ಜ್ ಲೂಯಿಸ್ ಬಗ್ಗೆ ಮಾತಾಡೋಣ ಬನ್ನಿ

ಹಳೇರೆಕಾರ್ಡು:

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಟ್ಯೂನ್ ಕೇಳುತ್ತಿದ್ದೇನೆ. ಬೆಳಿಗ್ಗೆ ಒಂದು ಸಲ, ರಾತ್ರಿ ದೀಪ ಆರಿಸಿದ ಮೇಲೆ ಇನ್ನೊಂದು ಸಲ. ಮನೆಯವರಿಗೆಲ್ಲ ಬಾಯಿಪಾಠ ಆಗಿಬಿಟ್ಟಿದೆ. ಅದರ ಹೆಸರು 'ಬರ್ಗಂಡಿ ಸ್ಟ್ರೀಟ್ ಬ್ಲೂಸ್'. ನುಡಿಸಿದವರು ಜಾರ್ಜ್ ಲೂಯಿಸ್, ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಜಾಝ್ ಕ್ಲಾರಿನೆಟ್ ವಾದಕರು. ಇದು ರೆಕಾರ್ಡ್ ಆಗಿದ್ದು 1944ರ ಜುಲೈಯಲ್ಲಿ. ಸ್ಟುಡಿಯೋದಲ್ಲಲ್ಲ, ಅವರ ಮನೆಯಲ್ಲಿ.

ಯಾಕೆ ಮನೆಯಲ್ಲಿ ಅಂದರೆ, ಆಗ ಅವರಿಗೆ ಎದ್ದು ಓಡಾಡುವ ಹಾಗಿರಲಿಲ್ಲ. ಲೂಯಿಸ್ ಹೊಟ್ಟೆಪಾಡಿಗೆ ಮಿಸಿಸಿಪ್ಪಿ ನದಿಯ ಹಡಗುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದರು. ತೆಳ್ಳಗಿನ ಆಳು, ಹಿಡಿ ಮೈ. ಒಂದು ದಿನ ಭಾರಿ ಸರಕಿನ ಪೆಟ್ಟಿಗೆ ಎದೆಗೆ ಬಡಿಯಿತು. ಎದೆಗೂಡು ಪುಡಿಯಾಗುವುದು ಸ್ವಲ್ಪದರಲ್ಲಿ ತಪ್ಪಿತು. ಫ್ರೆಂಚ್ ಕ್ವಾರ್ಟರ್‌ನ ಸೇಂಟ್ ಫಿಲಿಪ್ ಸ್ಟ್ರೀಟ್‌ನಲ್ಲಿದ್ದ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಾ ಮಲಗಿದ್ದರು. ಬ್ಯಾಂಜೋ ನುಡಿಸುವ ಲಾರೆನ್ಸ್ ಮರೆರೋ ಬಂದರು. ದೊಡ್ಡ ಬಾಸ್ ಹಿಡಿದುಕೊಂಡು ಆಲ್ಸೀಡ್ ಪವಾಜೋ ಬಂದರು, ಊರಿನವರೆಲ್ಲ ಅವರನ್ನು 'ಸ್ಲೋ ಡ್ರ್ಯಾಗ್' ಅಂತ ಕರೆಯುತ್ತಿದ್ದರು. ಬಿಲ್ ರಸೆಲ್ ಅನ್ನುವವರು ರೆಕಾರ್ಡಿಂಗ್ ಮೆಷಿನ್ ಹೊತ್ತುಕೊಂಡು ಬಂದರು. ಟ್ರಂಪೆಟ್ ಇಲ್ಲ, ಡ್ರಮ್ಸ್ ಇಲ್ಲ. ಮೂರೇ ವಾದ್ಯ. ಮನೆ ಹತ್ತಿರದ ಒಂದು ಬೀದಿಯ ಹೆಸರೇ ಆ ಟ್ಯೂನಿಗೂ ಬಂತು.

ಯೋಚನೆ ಮಾಡಿ. ಊದುವ ವಾದ್ಯಕ್ಕೆ ಬೇಕಾಗಿದ್ದೇ ಎದೆ. ಆ ಎದೆಗೇ ಪೆಟ್ಟು. ಆದರೂ ಆ ದಿನ ಬಂದ ನಾದದಲ್ಲಿ ನೋವು ತೋಡಿಕೊಳ್ಳುವ ಧಾಟಿ ಎಲ್ಲೂ ಇಲ್ಲ. ಬಹಳ ಹತ್ತಿರ ಕೂತು ಯಾರೋ ಮೆಲ್ಲಗೆ ಮಾತಾಡಿದ ಹಾಗಿದೆ. ಒಂದು ಸಾಲು ಮೇಲೆ ಹೋಗುತ್ತದೆ, ತುದಿಯಲ್ಲಿ ಸ್ವರ ಸಣ್ಣಗೆ ನಡುಗುತ್ತದೆ, ಆಮೇಲೆ ಮೆಟ್ಟಿಲು ಇಳಿದ ಹಾಗೆ ಕೆಳಗೆ ಬರುತ್ತದೆ. ಮುಂದಿನ ಸಾಲಿಗೆ ಮುಂಚೆ ಚೂರು ಜಾಗ ಬಿಡುತ್ತಾರೆ. ಆ ಜಾಗದಲ್ಲಿ ಮರೆರೋ ಅವರ ಬ್ಯಾಂಜೋ ಟಕ್ ಟಕ್ ಅಂತ ಕೇಳಿಸುತ್ತದೆ. ನನಗೆ ಆ ಜಾಗವೇ ಜಾಸ್ತಿ ಇಷ್ಟ.

ಕನ್ನಡದಲ್ಲಿ ಇವರ ಬಗ್ಗೆ ಹುಡುಕಿದೆ, ಏನೂ ಸಿಗಲಿಲ್ಲ. ಅದಕ್ಕೇ ಇಲ್ಲಿ ಶುರು ಮಾಡುತ್ತಿದ್ದೇನೆ. ಹುಟ್ಟಿದ್ದು 1900ರ ಜುಲೈ 13ರಂದು. ಮನೆತನದ ಹೆಸರು ಝೀನೋ. ತಾಯಿ ಆಲಿಸ್ ಝೀನೋ ಅವರ ಹಿರಿಯರು ಸೆನೆಗಲ್‌ನಿಂದ ಗುಲಾಮಗಿರಿಗೆ ಬಂದವರು. ತಾಯಿ ಫ್ರೆಂಚ್, ಕ್ರಿಯೋಲ್ ಎರಡೂ ಬಲ್ಲವರು. ಅಜ್ಜಿಯಿಂದ ಕಲಿತ ಆಫ್ರಿಕನ್ ಮಾತುಗಳೂ ಅವರ ಬಾಯಲ್ಲಿ ಉಳಿದಿದ್ದವಂತೆ. ಹುಡುಗನಿಗೆ ಏಳು ವರ್ಷ ಇದ್ದಾಗ ಆಟಿಕೆ ಪಿಟೀಲು ತಗೋ ಅಂತ 25 ಸೆಂಟ್ ಕೊಟ್ಟು ಅಂಗಡಿಗೆ ಕಳಿಸಿದರು. ಪಿಟೀಲು ಖಾಲಿಯಾಗಿತ್ತು. ಹುಡುಗ ಒಂದು ಸಣ್ಣ ಕೊಳಲು ತಂದ. ಗುರು ಇಲ್ಲ, ನೊಟೇಶನ್ ಓದಲು ಕೊನೆಯವರೆಗೂ ಬರಲಿಲ್ಲ. ಕೇಳಿ ಕೇಳಿಯೇ ಕಲಿತಿದ್ದು. ಹದಿಹರೆಯದಲ್ಲಿ ಕ್ಲಾರಿನೆಟ್ ಕೈಗೆ ಬಂತು.

ಇವರನ್ನು ಕೇಳಿದವರು ಇದ್ದರೆ ದಯವಿಟ್ಟು ಬರೆಯಿರಿ.

ಶ್ರುತಿಪೆಟ್ಟಿಗೆ:

ನೀವು ಹೇಳಿದ ಮೇಲೆ ಈಗಷ್ಟೇ ಕೇಳಿದೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನಾನು ಹದಿನೈದು ವರ್ಷ ಕರ್ನಾಟಕ ಸಂಗೀತ ಹಾಡಿದವಳು. ನನ್ನ ಕಿವಿಗೆ ಇವರ ಶ್ರುತಿ ನಿಲ್ಲುವುದಿಲ್ಲ. ಕೆಲವು ಕಡೆ ಸ್ವರ ಚೂರು ಮೇಲಕ್ಕೇ ಇದೆ. ಆ ಟ್ಯೂನ್ ಆದಮೇಲೆ 1943ರ ಬ್ಯಾಂಡ್ ರೆಕಾರ್ಡ್ ಒಂದನ್ನೂ ಹಾಕಿದೆ. ಅಲ್ಲಂತೂ ಎಲ್ಲರೂ ಒಟ್ಟಿಗೆ ನುಡಿಸುತ್ತಾರೆ, ಯಾರದು ಯಾವುದು ಅಂತಲೇ ತಿಳಿಯಲಿಲ್ಲ. ಇನ್ನೊಬ್ಬ ಜಾಝ್ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಅವರನ್ನು ಕೇಳಿದ್ದೇನೆ. ಅವರದು ಎಷ್ಟು ನುಣುಪು! ಲೂಯಿಸ್ ಅವರ ಬದುಕು ದೊಡ್ಡದು, ಒಪ್ಪುತ್ತೇನೆ. ಆದರೆ ಬದುಕಿನ ಕಷ್ಟ ಕೇಳಿ ಸಂಗೀತಕ್ಕೆ ಮಾರ್ಕ್ಸ್ ಹಾಕಬಾರದು ಅಲ್ವಾ?

ಬ್ಯಾಂಡ್‌ಸೆಟ್ ಮಗ:

ನಾನು ಜಾಝ್ ತಿಳಿದವನಲ್ಲ. ಆದರೆ ಕ್ಲಾರಿನೆಟ್ ನಮ್ಮ ಮನೆ ಅನ್ನ. ದಾವಣಗೆರೆ ಕಡೆ ಮದುವೆ ಬ್ಯಾಂಡ್ ನಮ್ಮದು. ಅಪ್ಪ ನುಡಿಸುತ್ತಿದ್ದರು, ಈಗ ನಾನು. ಹಾಗಾಗಿ ವಾದ್ಯದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಶ್ರುತಿಪೆಟ್ಟಿಗೆ ಅಕ್ಕ, ಕ್ಲಾರಿನೆಟ್ ಸ್ವಲ್ಪ ಹಠಮಾರಿ ವಾದ್ಯ. ನಾದಸ್ವರದಲ್ಲಿ ಸ ಹಿಡಿದು ಉಸಿರು ಬಿಗಿ ಮಾಡಿದರೆ ಅದೇ ಬೆರಳಿಗೆ ಮೇಲಿನ ಸ ಬರುತ್ತದೆ. ಕ್ಲಾರಿನೆಟ್‌ನಲ್ಲಿ ಹಾಗಾಗಲ್ಲ. ಅದರ ಕೊಳವೆ ಮೇಲಿಂದ ಕೆಳಗೆ ಹೆಚ್ಚುಕಡಿಮೆ ಒಂದೇ ಅಗಲ, ಬಾಯಿ ಕಡೆ ಮುಚ್ಚಿದ ಹಾಗೆ ಕೆಲಸ ಮಾಡುತ್ತದೆ. ಅದಕ್ಕೇ ಸ ಬೆರಳಿಗೆ ಮೇಲಿನ ಪ ಬರುತ್ತದೆ. ಅಂದರೆ ಕೆಳಗಿನ ಸ್ಥಾಯಿಗೆ ಒಂದು ಬೆರಳ ಲೆಕ್ಕ, ಮೇಲಿನದಕ್ಕೆ ಇನ್ನೊಂದು. ಎರಡರ ನಡುವೆ ಒಂದು ಗಂಟಲ ಜಾಗ ಇದೆ, ಅಲ್ಲಿ ಸ್ವರ ತೆಳ್ಳಗಾಗುತ್ತದೆ. ಅದನ್ನು ದಾಟುವಾಗ ಹೊಸಬರ ಕ್ಲಾರಿನೆಟ್ ಕಿರ್ ಅನ್ನುತ್ತದೆ. ನಾನೂ ಒಂದು ವರ್ಷ ಕಿರ್ ಅನ್ನಿಸಿದ್ದೇನೆ.

ಲೂಯಿಸ್ ಅವರ ಫೋಟೋ ನೋಡಿದೆ. ಅವರ ಕೈಯಲ್ಲಿರುವುದು ಆಲ್ಬರ್ಟ್ ಸಿಸ್ಟಮ್ ವಾದ್ಯ. ಈಗ ಅಂಗಡಿಯಲ್ಲಿ ಸಿಗುವುದೆಲ್ಲ ಹೆಚ್ಚಾಗಿ ಬೋಮ್ ಸಿಸ್ಟಮ್. ಬೋಮ್‌ನಲ್ಲಿ ಕೀಗಳು ಜಾಸ್ತಿ, ಬೆರಳು ಓಡಿಸುವುದು ಸಲೀಸು. ಆಲ್ಬರ್ಟ್‌ನಲ್ಲಿ ಕೀ ಕಡಿಮೆ, ಕೆಲವು ಸ್ವರಕ್ಕೆ ಬೆರಳು ಅಡ್ಡ ಹಾಕಿ ಹಿಡಿಯಬೇಕು. ಕಷ್ಟ. ಆದರೆ ನಾದ ದಪ್ಪ. ಬಯಲಿನಲ್ಲಿ ನಾಲ್ಕು ಹಿತ್ತಾಳೆ ವಾದ್ಯದ ಮಧ್ಯೆಯೂ ಕೇಳಿಸುತ್ತದೆ. ನ್ಯೂ ಆರ್ಲಿಯನ್ಸ್‌ನ ಹಳಬರು ಅದನ್ನೇ ಹಿಡಿದಿದ್ದು ಸುಮ್ನೆ ಅಲ್ಲ.

ನಮ್ಮ ಅಪ್ಪನ ಹತ್ತಿರ ಅಂಥದ್ದೇ ಒಂದು ಹಳೇ ವಾದ್ಯ ಇತ್ತು. ಒಂದು ಸಲ ರಿಪೇರಿಗೆ ಕೊಟ್ಟೆವು. ಆ ಅಂಗಡಿಯವರು ಇದು ಯಾವ ಕಾಲದ್ದೋ ಅಂತ ಎರಡು ಕೀ ತೆಗೆದು ಬೇರೆ ಜೋಡಿಸಿದರು. ಅವತ್ತಿನಿಂದ ಅದು ನುಡಿಯಲೇ ಇಲ್ಲ. ಅಪ್ಪ ಅದನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಆಮೇಲೆ ಅದರ ಮಾತೇ ಎತ್ತಲಿಲ್ಲ.

ಹಳೇರೆಕಾರ್ಡು:

ಬ್ಯಾಂಡ್‌ಸೆಟ್ ಮಗ, ನೀವು ಬರೆದದ್ದು ಓದಿ ತುಂಬಾ ಖುಷಿಯಾಯಿತು. ಟ್ರಂಕಿನ ವಾದ್ಯದ ಫೋಟೋ ಇದ್ದರೆ ಹಾಕಿ.

ಶ್ರುತಿಪೆಟ್ಟಿಗೆ ಅವರೇ, ನಿಮ್ಮ ಮಾತು ತಪ್ಪಲ್ಲ. ಲೂಯಿಸ್ ಬದುಕಿದ್ದಾಗಲೇ ವಿಮರ್ಶಕರು ಅವರ ಮೇಲೆ ಹೊರಿಸಿದ ಮುಖ್ಯ ದೂರು ಇದೇ. ಆದರೆ ಬೆನ್ನಿ ಗುಡ್‌ಮನ್ ಜೊತೆ ಹೋಲಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. ಗುಡ್‌ಮನ್ ಅವರದು ಮುಂದೆ ನಿಂತು ನುಡಿಸುವ ಸಂಗೀತ. ಹಿಂದೆ ಬರೆದಿಟ್ಟ ಅರೇಂಜ್‌ಮೆಂಟ್ ಹಿಡಿದ ದೊಡ್ಡ ಮೇಳ, ಮುಂದೆ ಒಬ್ಬರು. ಲೂಯಿಸ್ ಅವರದು ಗುಂಪಿನೊಳಗೆ ಇರುವ ಸಂಗೀತ. ಟ್ರಂಪೆಟ್ ಮಟ್ಟನ್ನು ಹಿಡಿದು ನಡೆಸುತ್ತದೆ. ಟ್ರಾಂಬೋನ್ ಕೆಳಗೆ ಗುಟುರು ಹಾಕುತ್ತಾ ಅದಕ್ಕೆ ಒತ್ತಾಸೆ ಕೊಡುತ್ತದೆ. ಕ್ಲಾರಿನೆಟ್ ಎರಡರ ಮೇಲೆ, ಚಪ್ಪರಕ್ಕೆ ಬಳ್ಳಿ ಹಬ್ಬಿದ ಹಾಗೆ. ಯಾರೂ ಬರೆದುಕೊಟ್ಟಿದ್ದಲ್ಲ. ಮೂವರೂ ಒಂದೇ ಹೊತ್ತಿನಲ್ಲಿ ತಮ್ಮ ತಮ್ಮ ಮನೋಧರ್ಮದಲ್ಲಿ ಕಟ್ಟುತ್ತಾ ಹೋಗುತ್ತಾರೆ. ಒಬ್ಬರ ಕಾಲು ಒಬ್ಬರು ತುಳಿಯಬಾರದು. ಇದಕ್ಕೆ ಬೆರಳಿಗಿಂತ ಕಿವಿ ಚುರುಕಾಗಿರಬೇಕು.

1943ರ ಮೇ ತಿಂಗಳಲ್ಲಿ ನ್ಯೂ ಆರ್ಲಿಯನ್ಸ್‌ನ ಜಿಪ್ಸಿ ಟೀ ರೂಮ್ ಅನ್ನುವ ಜಾಗದಲ್ಲಿ ಅವರು ತಮ್ಮದೇ ಬ್ಯಾಂಡ್ ಕಟ್ಟಿಕೊಂಡು ಕ್ಲೈಮ್ಯಾಕ್ಸ್ ಅನ್ನುವ ಲೇಬಲ್‌ಗೆ ನುಡಿಸಿದರು. ನೀವು ಕೇಳಿದ್ದು ಬಹುಶಃ ಅದೇ. ಕಿಡ್ ಹೋವರ್ಡ್ ಟ್ರಂಪೆಟ್, ಜಿಮ್ ರಾಬಿನ್ಸನ್ ಟ್ರಾಂಬೋನ್. ಮತ್ತೊಂದು ಸಲ ಕೇಳಿ, ಈ ಸಲ ಕ್ಲಾರಿನೆಟ್ ಒಂದನ್ನೇ ಹಿಂಬಾಲಿಸಿ. ಕಿಡ್ ಹೋವರ್ಡ್ ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಅರೆಗಳಿಗೆ ಇದೆಯಲ್ಲ, ಲೂಯಿಸ್ ಅಲ್ಲಿ ಬಂದು ಕೂತಿರುತ್ತಾರೆ. ಟ್ರಂಪೆಟ್ ಮತ್ತೆ ಶುರುವಾದ ಕೂಡಲೇ ಮೇಲಕ್ಕೋ ಪಕ್ಕಕ್ಕೋ ಸರಿದು ಜಾಗ ಕೊಡುತ್ತಾರೆ. ಕೊನೆಯವರೆಗೂ ಇದೇ ನಡೆಯುತ್ತದೆ. ಒಂದು ಸಲ ಕಿವಿಗೆ ಸಿಕ್ಕಿದರೆ ಸಾಕು, ಆಮೇಲೆ ಗದ್ದಲ ಅನ್ನಿಸಲ್ಲ.

ಆ ನಡುಕ, ಆ ಚೂರು ಮೇಲಿರುವ ಸ್ವರ ಎರಡೂ ನನಗೆ ಕೊರತೆ ಅನ್ನಿಸಲೇ ಇಲ್ಲ. ಚರ್ಚ್‌ನಲ್ಲಿ, ಬೀದಿಯಲ್ಲಿ ಹಾಡುವ ಜನರ ದನಿ ಅದು.

ಕಡಲತಡಿ:

ನಾನು ಮಂಗಳೂರಿನವನು. ಅಜ್ಜ ಹಳೇ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. ಸಂಗೀತದ ವಿಷಯ ನನಗೆ ಅಷ್ಟು ಗೊತ್ತಿಲ್ಲ, ಆದರೆ ಈ ಎಳೆಯಲ್ಲಿ ಹಡಗುಕಟ್ಟೆ ಅನ್ನುವ ಮಾತು ನೋಡಿ ಒಳಗೆ ಬಂದೆ.

ಅಜ್ಜನ ಬೆರಳು ಪೂರ್ತಿ ಮಡಚಲು ಆಗುತ್ತಿರಲಿಲ್ಲ, ಪೂರ್ತಿ ಬಿಡಿಸಲೂ ಆಗುತ್ತಿರಲಿಲ್ಲ. ಕೊಕ್ಕೆ ಹಿಡಿದೂ ಹಿಡಿದೂ ಹಾಗೇ ನಿಂತುಹೋಗಿತ್ತು. ಅನ್ನ ಕಲಸುವಾಗ ಕೂಡ ತುದಿಬೆರಳು ಸೇರುತ್ತಿರಲಿಲ್ಲ. ಅಂಥ ಕೆಲಸ ಇಡೀ ದಿನ ಮಾಡಿದ ಮನುಷ್ಯ ರಾತ್ರಿ ಬಂದು ಸಣ್ಣ ಸಣ್ಣ ತೂತು ಮುಚ್ಚಿ ತೆಗೆದು ನುಡಿಸಿದ್ದು ಹೇಗೆ? ನನಗೆ ಶ್ರುತಿಗಿಂತ ಇದೇ ದೊಡ್ಡ ಪ್ರಶ್ನೆ.

ಇನ್ನೊಂದು ಕೇಳುತ್ತೇನೆ. ಇಷ್ಟು ಚೆನ್ನಾಗಿ ನುಡಿಸುವವರು 44 ವರ್ಷ ಆದರೂ ಹಮಾಲಿ ಮಾಡಬೇಕಾಗಿ ಬಂದದ್ದು ಯಾಕೆ?

ಹಳೇರೆಕಾರ್ಡು:

ಕಡಲತಡಿ ಅವರೇ, ಅಜ್ಜನ ಬೆರಳಿನ ಮಾತು ಮನಸ್ಸಿಗೆ ತಟ್ಟಿತು. ಎರಡನೇ ಪ್ರಶ್ನೆಗೆ ಉತ್ತರ ಹೇಳುತ್ತೇನೆ.

1920ರ ದಶಕದಲ್ಲಿ ಲೂಯಿಸ್ ಊರಿನಲ್ಲಿ ಹೆಸರಿದ್ದವರೇ. ಬಡಿ ಪೆಟಿ, ಕ್ರಿಸ್ ಕೆಲ್ಲಿ, ಕಿಡ್ ರೀನಾ ಈ ಟ್ರಂಪೆಟ್ ವಾದಕರೆಲ್ಲರ ಜೊತೆ ನುಡಿಸಿದ್ದರು. ಕುಣಿತದ ಹಾಲ್‌ಗಳು, ಮೆರವಣಿಗೆ, ಶವಯಾತ್ರೆ, ಎಲ್ಲ ಕಡೆ. 1923ರ ಹೊತ್ತಿಗೆ ಅವರದೇ ಬ್ಯಾಂಡ್ ಇತ್ತು, ಅದರಲ್ಲಿ ಹುಡುಗ ಹೆನ್ರಿ 'ರೆಡ್' ಆಲನ್ ಟ್ರಂಪೆಟ್ ನುಡಿಸುತ್ತಿದ್ದ. ಆತ ಆಮೇಲೆ ನ್ಯೂಯಾರ್ಕ್‌ಗೆ ಹೋಗಿ ದೊಡ್ಡ ಹೆಸರು ಮಾಡಿದ. ಕಿಂಗ್ ಆಲಿವರ್, ಲೂಯಿ ಆರ್ಮ್‌ಸ್ಟ್ರಾಂಗ್, ಜಾನಿ ಡಾಡ್ಸ್ ಇವರೆಲ್ಲ ಆಗಲೇ ಉತ್ತರಕ್ಕೆ ಶಿಕಾಗೋಗೆ ಹೋಗಿದ್ದರು. ರೆಕಾರ್ಡ್ ಕಂಪನಿಗಳು ಇದ್ದದ್ದೂ ಅಲ್ಲೇ. ಲೂಯಿಸ್ ಊರು ಬಿಡಲಿಲ್ಲ. ಊರು ಬಿಡದ ಹೆಚ್ಚಿನವರ ದನಿ ರೆಕಾರ್ಡ್ ತಟ್ಟೆಗೆ ಇಳಿಯಲಿಲ್ಲ.

1931ರಲ್ಲಿ ಇನ್ನೊಂದು ಘಟನೆ. ಲೂಯಿಸಿಯಾನದ ರೇನ್ ಅನ್ನುವ ಸಣ್ಣ ಊರು. ಇವಾನ್ ಥಾಮಸ್ ಅನ್ನುವ ಟ್ರಂಪೆಟ್ ವಾದಕರ ಬ್ಯಾಂಡ್ ಅಲ್ಲಿನ ಕುಣಿತಕ್ಕೆ ಹೋಗಿತ್ತು. ಲೂಯಿಸ್ ಇದ್ದರು, ಬಂಕ್ ಜಾನ್ಸನ್ ಕೂಡ ಇದ್ದರು. ಒಬ್ಬ ಚಾಕು ಹಿಡಿದು ವೇದಿಕೆಗೆ ನುಗ್ಗಿ ಥಾಮಸ್ ಅವರನ್ನು ಇರಿದ. ಅವರು ಸತ್ತರು. ಬ್ಯಾಂಡಿನ ವಾದ್ಯಗಳು ಪುಡಿಯಾದವು, ಬಂಕ್ ಅವರ ಟ್ರಂಪೆಟ್ ಸಹ. ಬಂಕ್ ಸ್ವಲ್ಪ ಕಾಲದಲ್ಲಿ ಹಲ್ಲು ಕಳೆದುಕೊಂಡು ಟ್ರಂಪೆಟ್ ಬಿಟ್ಟೇಬಿಟ್ಟರು. ಲೂಯಿಸ್ ನ್ಯೂ ಆರ್ಲಿಯನ್ಸ್‌ಗೆ ವಾಪಸ್ ಬಂದರು. ಅಷ್ಟರಲ್ಲಿ ದೇಶಕ್ಕೆಲ್ಲ ಆರ್ಥಿಕ ಮಹಾ ಕುಸಿತ ಹೊಡೆದಿತ್ತು. ಬ್ಯಾಂಡ್ ಕರೆಯುವವರು ಎಲ್ಲಿ? ಹಡಗುಕಟ್ಟೆಗೆ ಹೋದರು. ರಾತ್ರಿ ಸಿಕ್ಕಿದ ಕಡೆ ಚಿಲ್ಲರೆಗೆ ನುಡಿಸಿದರು. ಹತ್ತು ವರ್ಷ ಹೀಗೇ.

1942ರಲ್ಲಿ ಕಾಲ ತಿರುಗಿತು. ಹಳೇ ಜಾಝ್ ಹುಡುಕುತ್ತಿದ್ದ ರೆಕಾರ್ಡ್ ಸಂಗ್ರಾಹಕರಿಗೆ ಕೆಲವು ವರ್ಷ ಮೊದಲೇ ಬಂಕ್ ಜಾನ್ಸನ್ ಪತ್ತೆ ಸಿಕ್ಕಿತ್ತು. ಜಾಝ್ ವಾದಕ ಸಿಡ್ನಿ ಬೆಶೇ ಅವರ ಅಣ್ಣ ಲಿಯೊನಾರ್ಡ್ ದಂತವೈದ್ಯರು, ಬಂಕ್‌ಗೆ ಹಲ್ಲು ಸೆಟ್ ಮಾಡಿಕೊಟ್ಟರು. ಆ ಜೂನ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ಒಂದು ಸಂಗೀತ ಅಂಗಡಿಯ ಮಹಡಿ ಮೇಲೆ ರೆಕಾರ್ಡಿಂಗ್ ಇಟ್ಟರು. ಕ್ಲಾರಿನೆಟ್‌ಗೆ ಲೂಯಿಸ್ ಬಂದರು. ಅಂದರೆ 41ನೇ ವಯಸ್ಸಿಗೆ ಅವರ ಮೊದಲ ರೆಕಾರ್ಡ್! ಆರ್ಮ್‌ಸ್ಟ್ರಾಂಗ್ ಅವರು ಇವರಿಗಿಂತ ಒಂದೇ ವರ್ಷ ಚಿಕ್ಕವರು. ಅವರ ದನಿ ಆಗಲೇ ಹತ್ತೊಂಬತ್ತು ವರ್ಷದಿಂದ ತಟ್ಟೆಗಳಲ್ಲಿ ತಿರುಗುತ್ತಿತ್ತು.

ನೋಡುವವನು:

ಚರ್ಚೆ ಚೆನ್ನಾಗಿದೆ. ಆದರೆ ಒಂದು ವಿಷಯ ಎತ್ತಲೇಬೇಕು. ಈ ಸಂಗ್ರಾಹಕರು ಹೆಚ್ಚಿನವರು ಬಿಳಿಯರು, ಹೊರಗಿನಿಂದ ಬಂದವರು. 'ಶುದ್ಧ' ಜಾಝ್ ಹೀಗೇ ಇರಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು. ಬಂಕ್ ಜಾನ್ಸನ್‌ಗೆ ಆ ಕಾಲದ ಹೊಸ ಹಾಡುಗಳನ್ನೂ ನುಡಿಸಬೇಕು ಅಂತಿತ್ತು. ಸಂಗ್ರಾಹಕರಿಗೆ ಹಳೇ ರ‍್ಯಾಗು, ಬ್ಲೂಸು, ಚರ್ಚ್ ಹಾಡುಗಳೇ ಬೇಕು. 1945ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಸ್ಟೈವೆಸೆಂಟ್ ಕ್ಯಾಸಿನೋದಲ್ಲಿ ಬಂಕ್ ಅವರ ಬ್ಯಾಂಡ್, ಲೂಯಿಸ್ ಸಮೇತ, ಕೂತಾಗ ಅದೇ ಊರಿನಲ್ಲಿ ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ ಬೀಬಾಪ್ ಅನ್ನುವ ಹೊಸ ಬಗೆಯ ಜಾಝ್ ನುಡಿಸುತ್ತಿದ್ದರು. ಪತ್ರಿಕೆಗಳಲ್ಲಿ ಹಳಬರ ಪರ ಹೊಸಬರ ಪರ ಜಗಳವೋ ಜಗಳ. ಬಂಕ್‌ಗೆ ತನ್ನ ಬ್ಯಾಂಡಿನವರ ಮೇಲೇ ಅಸಮಾಧಾನ. ಇವರಿಗೆ ಓದಲು ಬರಲ್ಲ ಅಂತ.

ಹಾಗಿರುವಾಗ ಲೂಯಿಸ್ ಅವರನ್ನು ಯಾರೋ ತಮಗೆ ಬೇಕಾದ ಚೌಕಟ್ಟಿನಲ್ಲಿ ಕೂರಿಸಿದರು ಅನ್ನಿಸುವುದಿಲ್ಲವೇ? ಮ್ಯೂಸಿಯಂನಲ್ಲಿ ಇಟ್ಟ ಹಾಗೆ? ಇದನ್ನು ಲೂಯಿಸ್ ಮೇಲಿನ ಪ್ರೀತಿಯಿಂದಲೇ ಕೇಳುತ್ತಿದ್ದೇನೆ.

ಹಳೇರೆಕಾರ್ಡು:

ಒಳ್ಳೆಯ ಪ್ರಶ್ನೆ. ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ.

ಚೌಕಟ್ಟು ಇತ್ತು, ನಿಜ. ಆದರೆ ಬಿಲ್ ರಸೆಲ್ ಅವರನ್ನು ಆ ಗುಂಪಿಗೆ ಸೇರಿಸಿ ತಳ್ಳಬೇಡಿ. ಅವರು ಪಿಟೀಲು ಕಲಿತವರು, ತಾಳವಾದ್ಯಗಳಿಗೆ ಅತಿ ಹೊಸ ಬಗೆಯ ಕೃತಿ ಬರೆದ ಸಂಗೀತಗಾರ. ಹೊಸ ಪ್ರಯೋಗಗಳಿಗೆ ಹೆಸರಾದ ಸಂಗೀತಗಾರ ಜಾನ್ ಕೇಜ್ ಬಳಗದ ಜೊತೆ ಅವರ ಹೆಸರು ಬರುತ್ತದೆ. ಹೊಸದು ಗೊತ್ತಿಲ್ಲದೆ ಹಳೆಯದಕ್ಕೆ ಬಂದವರಲ್ಲ. ಈ ಜನರನ್ನು ಕೇಳಿದ ಮೇಲೆ ತಮ್ಮ ಕೃತಿ ಬರೆಯುವುದನ್ನೇ ಬಿಟ್ಟು, ಭಾರದ ಮೆಷಿನ್ ಹೊತ್ತುಕೊಂಡು ನ್ಯೂ ಆರ್ಲಿಯನ್ಸ್ ಸುತ್ತಿದರು. ಅಮೆರಿಕನ್ ಮ್ಯೂಸಿಕ್ ಅಂತ ಸ್ವಂತ ಲೇಬಲ್ ಮಾಡಿದರು. 1945ರಲ್ಲಿ ಊರಿನ ಬ್ರಾಸ್ ಬ್ಯಾಂಡ್ ಸಂಗೀತವನ್ನೂ ರೆಕಾರ್ಡ್ ಮಾಡಿದರು. ಅದರಲ್ಲಿ ಲೂಯಿಸ್ ನುಡಿಸಿದ್ದು ಚಿಕ್ಕ ಇ-ಫ್ಲ್ಯಾಟ್ ಕ್ಲಾರಿನೆಟ್. ಅದರ ದನಿ ಚೂಪು, ಬೀದಿಯ ಆ ತುದಿಗೂ ಕೇಳಬೇಕಲ್ಲ. ರಸೆಲ್ ಮಂಚದ ಪಕ್ಕ ಮೆಷಿನ್ ಇಡದಿದ್ದರೆ ನಾನು ಈ ಎಳೆ ಶುರು ಮಾಡುವುದೇ ಇರಲಿಲ್ಲ.

ಇನ್ನು ಲೂಯಿಸ್. ಬಂಕ್‌ಗೆ ಆ ಚೌಕಟ್ಟು ಉಸಿರು ಕಟ್ಟಿಸಿತು, ನೀವು ಹೇಳಿದ್ದು ಸರಿ. ಲೂಯಿಸ್‌ಗೆ ಅದು ಹೊರಗಿನಿಂದ ಹಾಕಿದ ಚೌಕಟ್ಟೇ ಅಲ್ಲ. ಅವರು ಯಾರೂ ನೋಡದಿದ್ದ ಹತ್ತು ವರ್ಷವೂ ಇದನ್ನೇ ನುಡಿಸಿದ್ದರು. 1946ರಲ್ಲಿ ನ್ಯೂಯಾರ್ಕ್ ಮುಗಿಯಿತು. ಬಂಕ್ 1949ರಲ್ಲಿ ತೀರಿಕೊಂಡರು. ಲೂಯಿಸ್ ಊರಿಗೆ ಬಂದು ಅದೇ ಸ್ನೇಹಿತರನ್ನು ಕಟ್ಟಿಕೊಂಡು ಅದೇ ಹಾಡುಗಳನ್ನು ನುಡಿಸುತ್ತಾ ಹೋದರು. ಮರೆರೋ, ಸ್ಲೋ ಡ್ರ್ಯಾಗ್, ಜಿಮ್ ರಾಬಿನ್ಸನ್, ಹಾಡಲು ಮತ್ತು ಡ್ರಮ್ಸ್‌ಗೆ ಜೋ ವಾಟ್ಕಿನ್ಸ್. 1950ರಲ್ಲಿ 'ಲುಕ್' ಪತ್ರಿಕೆ ಅವರ ಬಗ್ಗೆ ಲೇಖನ ಹಾಕಿತು. ಫೋಟೋ ತೆಗೆದ ಹುಡುಗನ ಹೆಸರು ಸ್ಟ್ಯಾನ್ಲಿ ಕ್ಯೂಬ್ರಿಕ್, ಮುಂದೆ ದೊಡ್ಡ ನಿರ್ದೇಶಕರಾದರಲ್ಲ, ಅವರೇ. ಅಲ್ಲಿಂದ ಅಮೆರಿಕದ ಬೇರೆ ಊರುಗಳಿಂದ ಕರೆ ಬಂತು. 1954ರಲ್ಲಿ ಒಹಾಯೋದ ಒಂದು ಚರ್ಚ್‌ನಲ್ಲಿ ಸಂಜೆ ಪ್ರಾರ್ಥನೆಗೆ ನುಡಿಸಿದ್ದೂ ರೆಕಾರ್ಡ್ ಆಗಿದೆ.

ಹೂಸ್ಟನ್ ಹುಡುಗಿ:

ನಾನು ಶಿವಮೊಗ್ಗದವಳು, ಈಗ ಟೆಕ್ಸಸ್‌ನಲ್ಲಿದ್ದೇನೆ. ನ್ಯೂ ಆರ್ಲಿಯನ್ಸ್ ನಮಗೆ ಐದೂವರೆ ಗಂಟೆ ಡ್ರೈವ್. ಹೋದ ವರ್ಷ ಅಮ್ಮ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ.

ಸೇಂಟ್ ಪೀಟರ್ ಸ್ಟ್ರೀಟ್‌ನಲ್ಲಿ ಪ್ರಿಸರ್ವೇಶನ್ ಹಾಲ್ ಇದೆ. 1961ರಲ್ಲಿ ಆಲನ್ ಮತ್ತು ಸ್ಯಾಂಡ್ರಾ ಜಾಫೆ ದಂಪತಿ ಶುರು ಮಾಡಿದ್ದು. ಲೂಯಿಸ್ ಕೊನೆಯ ವರ್ಷಗಳಲ್ಲಿ ಖಾಯಂ ನುಡಿಸಿದ್ದು ಅಲ್ಲೇ. ಹೆಸರು ಹಾಲ್, ಆದರೆ ನಮ್ಮೂರಿನ ಮನೆಗಳ ಪಡಸಾಲೆಯಷ್ಟೇ ಇದೆ. ಗೋಡೆ ಬಣ್ಣ ಕಿತ್ತುಬಂದಿದೆ, ಕೂರಲು ಮರದ ಬೆಂಚು, ಮುಂದಿನವರಿಗೆ ನೆಲ. ಕುಡಿಯಲು ತಿನ್ನಲು ಏನೂ ಮಾರುವುದಿಲ್ಲ. ಅಮ್ಮ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಮೊದಲ ಸಾಲಿನಲ್ಲಿ ಕೂತರು. ಟ್ರಾಂಬೋನಿನ ಜಾರುಕೊಳವೆ ಅವರ ಮುಖದಿಂದ ಒಂದು ಗೇಣು ದೂರ ಬಂದು ಹೋಗುತ್ತಿತ್ತು. ಅವರು ಕದಲಲಿಲ್ಲ. ಮುಗಿದ ಮೇಲೆ, 'ಇದು ರಾಮನವಮಿ ಪೆಂಡಾಲ್ ಕಛೇರಿ ಥರ ಇದೆ ಕಣೇ, ಎಲ್ಲರೂ ಹತ್ತಿರ' ಅಂದರು.

ಒಂದು ಮಾತು ಸೇರಿಸಬೇಕು. ಆ ಕಾಲದಲ್ಲಿ ಅಲ್ಲಿ ಕರಿಯರು ಬಿಳಿಯರು ಒಂದೇ ವೇದಿಕೆಯಲ್ಲಿ ನುಡಿಸುವ ಹಾಗಿರಲಿಲ್ಲ. 1956ರಲ್ಲಿ ಲೂಯಿಸಿಯಾನ ಅದಕ್ಕೆ ಕಾನೂನೇ ತಂದಿತು. ಅದೇ ಕಾರಣಕ್ಕೆ ಆರ್ಮ್‌ಸ್ಟ್ರಾಂಗ್ ಆಮೇಲೆ 1965ರವರೆಗೆ ಹುಟ್ಟಿದ ಊರಿನಲ್ಲಿ ನುಡಿಸಲೇ ಇಲ್ಲ. ಲೂಯಿಸ್ ಇದ್ದದ್ದು ಅದೇ ಊರಿನಲ್ಲಿ, ಅದೇ ಕಾನೂನಿನ ಕೆಳಗೆ. ಅವರ ಸಂಗೀತ ಮೃದುವಾಗಿದೆ ಅಂತ ಅವರ ದಿನಗಳೂ ಮೃದುವಾಗಿದ್ದವು ಅಂದುಕೊಳ್ಳಬಾರದು.

ಹಳೇರೆಕಾರ್ಡು:

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಕರಿಯರು ಬಿಳಿಯರು ಒಟ್ಟಿಗೆ ನುಡಿಸುವ ಹಾಗಿರಲಿಲ್ಲ ಅಂದಿರಲ್ಲ, ಆ ವಿಷಯಕ್ಕೇ ಹೊಂದಿಕೊಂಡ ಒಬ್ಬ ಮನುಷ್ಯನ ಕಥೆ ಇದೆ.

ಕೆನ್ ಕೋಲ್ಯರ್ ಅಂತ ಇಂಗ್ಲಿಷ್ ಹುಡುಗ, ಟ್ರಂಪೆಟ್ ನುಡಿಸುವವನು. ಲೂಯಿಸ್ ರೆಕಾರ್ಡ್ ಕೇಳಿ ತಲೆ ಕೆಡಿಸಿಕೊಂಡಿದ್ದ. ನ್ಯೂ ಆರ್ಲಿಯನ್ಸ್‌ಗೆ ಹೋಗಲು ಕೈಯಲ್ಲಿ ಕಾಸಿಲ್ಲ. ಸರಕು ಹಡಗಿನಲ್ಲಿ ಕೆಲಸಕ್ಕೆ ಸೇರಿಕೊಂಡ. 1952ರಲ್ಲಿ ಹಡಗು ಅಲಬಾಮಾದ ಮೊಬೀಲ್ ಬಂದರಿಗೆ ಬಂದಾಗ ಇಳಿದು ನೇರ ನ್ಯೂ ಆರ್ಲಿಯನ್ಸ್‌ಗೆ ಹೋದ. ಲೂಯಿಸ್ ಬ್ಯಾಂಡಿನವರ ಪಕ್ಕ ಕೂತು ನುಡಿಸಿದ. ಬಿಳಿಯ ಹುಡುಗ ಹೀಗೆ ಕೂರುವುದು ಆ ಊರಿನಲ್ಲಿ ಸಣ್ಣ ಮಾತಲ್ಲ. ವೀಸಾ ಅವಧಿ ಮೀರಿತು ಅಂತ ಜೈಲಿಗೆ ಹಾಕಿ, 1953ರಲ್ಲಿ ಇಂಗ್ಲೆಂಡಿಗೆ ಕಳಿಸಿದರು. ಅಲ್ಲಿ ಇಳಿಯುವಷ್ಟರಲ್ಲಿ ಆತ ಹೀರೋ ಆಗಿದ್ದ.

1957ರಲ್ಲಿ ಲೂಯಿಸ್ ಒಬ್ಬರೇ ಇಂಗ್ಲೆಂಡಿಗೆ ಹೋದರು, ಕೋಲ್ಯರ್ ಬ್ಯಾಂಡ್ ಜೊತೆ ಊರೂರು ಸುತ್ತಿ ನುಡಿಸಿದರು. 1959ರಲ್ಲಿ ತಮ್ಮ ಬ್ಯಾಂಡ್ ಕರೆದುಕೊಂಡು ಹೋದರು. ಅಲ್ಲಿನ ಕ್ಲಾರಿನೆಟ್ ಹುಡುಗರೆಲ್ಲ ಅವರ ಹಾಗೇ ನುಡಿಸಲು ಶುರು ಮಾಡಿದರು. ಅದರಲ್ಲಿ ಆಕರ್ ಬಿಲ್ಕ್ ಒಬ್ಬರು. ಸೈನ್ಯದಲ್ಲಿದ್ದಾಗ ಈಜಿಪ್ಟ್‌ನಲ್ಲಿ ಕ್ಲಾರಿನೆಟ್ ಕಲಿತವರು. 'ಸ್ಟ್ರೇಂಜರ್ ಆನ್ ದಿ ಶೋರ್' ಟ್ಯೂನ್ ನಮ್ಮಲ್ಲೂ ಎಷ್ಟೋ ಜನ ಕೇಳಿರುತ್ತೀರಿ. 1962ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಬಂತು. ಆ ಕೆಳಸ್ಥಾಯಿಯ ನಡುಕ ಇದೆಯಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಲೂಯಿಸ್ ನೆನಪಾಗುತ್ತಾರೆ. ವುಡಿ ಆಲನ್ ಕೂಡ ಆಲ್ಬರ್ಟ್ ಸಿಸ್ಟಮ್ ಕ್ಲಾರಿನೆಟ್ ಹಿಡಿದದ್ದು ಲೂಯಿಸ್ ಮೇಲಿನ ಅಭಿಮಾನದಿಂದ.

1963, 64, 65, ಮೂರು ವರ್ಷ ಸಾಲಾಗಿ ಜಪಾನ್. ಅಲ್ಲಿನ ಕೆಲಸಗಾರರ ಸಂಗೀತ ಸಂಘಗಳು ಕರೆಸಿದ್ದು. ಹಡಗುಕಟ್ಟೆಯ ಕೆಲಸಗಾರನನ್ನು ಇನ್ನೊಂದು ದೇಶದ ಕೆಲಸಗಾರರು ಟಿಕೆಟ್ ಕೊಂಡು ಬಂದು ಕೇಳಿದರು. ಕಡಲತಡಿ ಅವರೇ, ಈ ಸಾಲು ನಿಮ್ಮ ಅಜ್ಜನನ್ನು ನೆನೆದು ಬರೆದೆ. ಆ ಕಛೇರಿಗಳನ್ನು ಕೇಳಿ ಬೆಳೆದ ಯೊಶಿಯೊ ತೊಯಾಮಾ, ಕೆಯ್ಕೊ ತೊಯಾಮಾ ದಂಪತಿ 1968ರಲ್ಲಿ ನ್ಯೂ ಆರ್ಲಿಯನ್ಸ್‌ಗೇ ಹೋಗಿ ಇದ್ದು ಕಲಿತರು.

ಅದೇ ವರ್ಷ ಡಿಸೆಂಬರ್ 31ರಂದು ಲೂಯಿಸ್ ತೀರಿಕೊಂಡರು.

ತಮಟೆ:

ಶವಯಾತ್ರೆಯ ಸಂಗೀತದ ಬಗ್ಗೆ ಯಾರೂ ಬಿಡಿಸಿ ಬರೆಯಲಿಲ್ಲ. ನಾನು ತಮಟೆ ಬಡಿಯುವವನು, ಹಾಗಾಗಿ ಅದನ್ನು ಹುಡುಕಿ ನೋಡಿದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಹೋಗುವಾಗ ನಿಧಾನ, ಚರ್ಚ್ ಹಾಡು. ಡ್ರಮ್ಮಿನ ದನಿ ಅಡಗಿಸಿ ಬಡಿಯುತ್ತಾರೆ. ಮಣ್ಣು ಮಾಡಿ ಹೊರಟ ಮೇಲೆ ಡ್ರಮ್ ಬಿಗಿ ಮಾಡಿಕೊಂಡು ಜೋರು ಎತ್ತುತ್ತಾರೆ. ಹಿಂದಿನಿಂದ ಬರುವ ಜನ ಕುಣಿಯುತ್ತಾರೆ, ಅವರಿಗೆ ಸೆಕೆಂಡ್ ಲೈನ್ ಅನ್ನುತ್ತಾರೆ. ನಮ್ಮಲ್ಲಿ ಹೋಗುವಾಗಲೇ ಜೋರು, ಬರುವಾಗ ಸದ್ದಿಲ್ಲ. ಪೂರ್ತಿ ಉಲ್ಟಾ. ಆದರೆ ಹೆಣದ ಮುಂದೆ ನಡೆಯುವವನ ಕಾಲು ಒಂದೇ ಥರ ಬೀಳುತ್ತದೆ, ವಿಡಿಯೋದಲ್ಲಿ ನೋಡಿದೆ.

ಜೀವಮಾನವೆಲ್ಲ ಬೇರೆಯವರ ಶವಯಾತ್ರೆಗೆ ನುಡಿಸಿದ ಲೂಯಿಸ್ ಅವರನ್ನೂ 1969ರ ಜನವರಿಯಲ್ಲಿ ಬ್ರಾಸ್ ಬ್ಯಾಂಡ್ ನುಡಿಸುತ್ತಲೇ ಕಳಿಸಿಕೊಟ್ಟರು. ನದಿಯ ಆಚೆ ದಡದ ಗ್ರೆಟ್ನಾದಲ್ಲಿ ಮಣ್ಣು ಮಾಡಿದ್ದಾರೆ.

ಶ್ರುತಿಪೆಟ್ಟಿಗೆ:

ಹಳೇರೆಕಾರ್ಡು ಅವರೇ, ನೀವು ಹೇಳಿದ ಹಾಗೆ 1943ರದ್ದನ್ನು ಕ್ಲಾರಿನೆಟ್ ಮಾತ್ರ ಹಿಡಿದು ಕೇಳಿದೆ. ಐದು ಸಲ. ಮೂರನೇ ಸಲಕ್ಕೆ ಸಿಕ್ಕಿತು. ಟ್ರಂಪೆಟ್ ಬಿಟ್ಟ ಜಾಗದಲ್ಲಿ ಅವರು ಬಂದು ಕೂರುವುದು ನಿಜ. ಒಳ್ಳೆಯ ಪಿಟೀಲು ಪಕ್ಕವಾದ್ಯದವರು ನಾನು ನೆರವಲ್ ಮಾಡುವಾಗ ಹೀಗೇ ಮಾಡುತ್ತಾರೆ.

ಶ್ರುತಿ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಆ ಮೇಲಿನ ಸ್ವರ ಈಗಲೂ ಚುಚ್ಚುತ್ತದೆ. ಆದರೆ ಬರ್ಗಂಡಿ ಸ್ಟ್ರೀಟ್ ಇನ್ನೊಂದು ಸಲ ಹಾಕಿದಾಗ ಒಂದು ಕಂಡೆ. ಎಲ್ಲೆಲ್ಲಿ ಸಾಲು ನಿಲ್ಲುತ್ತದೋ ಅಲ್ಲೆಲ್ಲ ಶ್ರುತಿ ಸರಿಯಾಗಿಯೇ ಇದೆ. ಹತ್ತುವಾಗ ಮಾತ್ರ ಮೇಲೆ ಹೋಗುತ್ತದೆ. ಇದು ಕಿವಿಯ ತಪ್ಪಲ್ಲ, ಅವರಿಗೆ ಹಾಗೇ ಬೇಕಿತ್ತೇನೋ. ಬ್ಯಾಂಡ್‌ಸೆಟ್ ಮಗ ಹೇಳಲಿ, ಬೇಕು ಅಂತ ಹಾಗೆ ಮಾಡಲು ಆಗುತ್ತದಾ?

ರಾಯಚೂರಿನ ನರಸಿಂಹಲು ವಡವಾಟಿ ಅವರ ಹಿಂದೂಸ್ತಾನಿ ಕ್ಲಾರಿನೆಟ್ ಮನೆಯಲ್ಲಿ ಮೊದಲಿಂದ ಕೇಳುತ್ತಿದ್ದೆವು. ಅದನ್ನೂ ಮತ್ತೆ ತೆಗೆದು ಹಾಕಿದೆ. ಅದೇ ವಾದ್ಯ ಅಂದರೆ ನಂಬುವುದಕ್ಕಾಗಲ್ಲ.

ಬ್ಯಾಂಡ್‌ಸೆಟ್ ಮಗ:

ಆಗುತ್ತದೆ ಅಕ್ಕ. ಕೆಳತುಟಿ ಊದುವ ತುದಿಯ ಕಡ್ಡಿಗೆ (ರೀಡ್) ಎಷ್ಟು ಒತ್ತುತ್ತದೆ ಅನ್ನುವುದರ ಮೇಲೆ ಸ್ವರ ಚೂರು ಮೇಲೆ ಕೆಳಗೆ ಆಗುತ್ತದೆ. ತುಟಿ ಬಿಗಿ ಮಾಡಿದರೆ ಮೇಲಕ್ಕೆ. ಹಿತ್ತಾಳೆ ವಾದ್ಯಗಳ ನಡುವೆ ಕ್ಲಾರಿನೆಟ್ ಮುಳುಗಿಹೋಗಬಾರದು ಅಂತ ನಾವೂ ಮೆರವಣಿಗೆಯಲ್ಲಿ ಸ್ವಲ್ಪ ಬಿಗಿ ಹಿಡಿಯುತ್ತೇವೆ. ಚೂರು ಮೇಲಿದ್ದರೆ ಎದ್ದು ಕೇಳಿಸುತ್ತದೆ. ಅಪ್ಪ ಇದನ್ನು ಹೇಳಿಕೊಟ್ಟಿದ್ದರು. ನಾನು ಅದು ನಮ್ಮ ಕಡೆಯ ಅಭ್ಯಾಸ ಅಂದುಕೊಂಡಿದ್ದೆ.

ಅಪ್ಪನಿಗೆ ಈಗ 71. ಹಲ್ಲು ಹೋಗಿದೆ, ಊದುವುದು ಬಿಟ್ಟು ಎಂಟು ವರ್ಷ ಆಯಿತು. ನಿನ್ನೆ ರಾತ್ರಿ ಊಟ ಆದಮೇಲೆ ಫೋನಿನಲ್ಲಿ ಬರ್ಗಂಡಿ ಸ್ಟ್ರೀಟ್ ಹಾಕಿದೆ. ಯಾರು ಏನು ಅಂತ ಹೇಳಲಿಲ್ಲ. ಅವರು ಗೋಡೆಗೆ ಒರಗಿ ಕೂತಿದ್ದರು. ಎರಡನೇ ಸಾಲಿಗೆ ಬಲಗೈ ಬೆರಳು ತೊಡೆ ಮೇಲೆ ಆಡಲು ಶುರುವಾಯಿತು. ಮುಗಿದ ಮೇಲೆ, 'ಹಳೇ ಕ್ಲಾರ್ನೆಟ್ಟು ಅದು, ಈಗಿನದಲ್ಲ' ಅಂದರು. ಆಮೇಲೆ ಎದ್ದು ಹೋಗಿ ಟ್ರಂಕಿನ ಬೀಗದ ಕೈ ಎಲ್ಲಿ ಅಂತ ಅಮ್ಮನನ್ನು ಕೇಳಿದರು.

ಆ ಎರಡು ಕೀ ಜೋಡಿಸಿಕೊಡುವವರು ಹುಬ್ಬಳ್ಳಿ ಕಡೆಯೋ ಬೆಂಗಳೂರಿನಲ್ಲೋ ಯಾರಾದರೂ ಗೊತ್ತಿದ್ದರೆ ಹೇಳಿ. ಫೋಟೋ ಇವತ್ತು ಸಂಜೆ ಹಾಕುತ್ತೇನೆ.